ತೊಟ್ಟಿಲ ಲೆಕ್ಕ, ಭಾಷೆಯ ಹೆಪ್ಪು

1763ರಲ್ಲಿ ಕೆನಡಾ ಬ್ರಿಟಿಷರ ವಶವಾದಾಗ ಸೇಂಟ್ ಲಾರೆನ್ಸ್ ನದಿಯ ದಂಡೆಗಳಲ್ಲಿ ಸುಮಾರು 70,000 ಫ್ರೆಂಚರಿದ್ದರು. 1871ರ ಜನಗಣತಿಯ ವೇಳೆಗೆ ಕ್ವಿಬೆಕ್ ಮತ್ತು ಒಂಟಾರಿಯೊ ಪ್ರಾಂತ್ಯಗಳಲ್ಲೇ ಅವರ ಸಂಖ್ಯೆ 10 ಲಕ್ಷ ಮುಟ್ಟಿತ್ತು. ಫ್ರಾನ್ಸಿನಿಂದ ಹೊಸಬರು ಬಂದದ್ದು ತೀರ ಕಡಿಮೆ; ಸುಮಾರು 28 ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತಿದ್ದ ಈ ಏರಿಕೆ ಹೆಚ್ಚುಕಡಿಮೆ ತೊಟ್ಟಿಲುಗಳದೇ ಆಗಿತ್ತು. ಮುಂದೆ ಇದಕ್ಕೆ 'ತೊಟ್ಟಿಲುಗಳ ಸೇಡು' ಎಂಬ ಹೆಸರೂ ಬಂತು.

ಮಕ್ಕಳು ದುಪ್ಪಟ್ಟಾದರೂ ಹೊಲ ದುಪ್ಪಟ್ಟಾಗುವುದಿಲ್ಲವಷ್ಟೆ. 1840ರಿಂದ 1930ರೊಳಗೆ ಸುಮಾರು 9 ಲಕ್ಷ ಮಂದಿ ಗಡಿ ದಾಟಿ ಅಮೆರಿಕಕ್ಕೆ ಹೋದರು. ಅವರಲ್ಲಿ ಬಹುಪಾಲು ಜನ ಲೋವೆಲ್, ಮ್ಯಾಂಚೆಸ್ಟರ್, ವೂನ್‌ಸಾಕೆಟ್‌ಗಳಂಥ, ನ್ಯೂ ಇಂಗ್ಲೆಂಡ್ ಎಂಬ ಅಮೆರಿಕದ ಈಶಾನ್ಯ ಸೀಮೆಯ ಗಿರಣಿ ಊರುಗಳನ್ನು ಸೇರಿದರು. ಪಾದ್ರಿ ಲಬೆಲ್ ಈ ಹರಿವನ್ನು ತಡೆಯಲೆಂದು ಮಾಂಟ್ರಿಯಲ್‌ನ ಉತ್ತರದ ಕಾಡುಗಳಲ್ಲಿ ಹೊಸ ಹಳ್ಳಿಗಳನ್ನು ಕಟ್ಟಿಸಿದರು. ಬೇರೆ ಕೆಲವು ರಾಷ್ಟ್ರೀಯವಾದಿಗಳಾದರೋ ನಷ್ಟವನ್ನೇ ಲಾಭವೆಂದು ಬರೆದುಕೊಂಡು, ಇದು ದೈವಸಂಕಲ್ಪ, ನ್ಯೂ ಇಂಗ್ಲೆಂಡೂ ಒಂದು ದಿನ ಫ್ರೆಂಚ್ ಕ್ಯಾಥೊಲಿಕರದಾಗುತ್ತದೆ ಎಂದು ನಂಬಿದರು.

ಅವರ ಗುಣಾಕಾರದಲ್ಲಿ ತಪ್ಪಿರಲಿಲ್ಲ. ಯಾವುದನ್ನು ಗುಣಿಸಬೇಕು ಎಂಬುದರಲ್ಲಿ ತಪ್ಪಿತ್ತು. ಮಕ್ಕಳು ತಾವಾಗಿ ಹೆಚ್ಚಬಹುದು, ಆದರೆ ಭಾಷೆಯನ್ನು ಪ್ರತಿ ಮಗುವಿಗೂ ಹೊಸದಾಗಿ ಹೆಪ್ಪು ಹಾಕಬೇಕು. ದಂಪತಿಗಳಿಗೆ ಆರು ಮಕ್ಕಳಿದ್ದು, ಅವರಲ್ಲಿ ಮೂರನೆಯ ಒಂದು ಪಾಲಿನವರಷ್ಟೇ ತಮ್ಮ ಮನೆಯಲ್ಲೂ ಫ್ರೆಂಚ್ ಉಳಿಸಿಕೊಂಡರೆ, ಇಬ್ಬರ ಜಾಗಕ್ಕೆ ಇಬ್ಬರೇ ಸಿಕ್ಕಂತಾಯಿತು: ವಂಶ ಮೂರು ಪಟ್ಟು, ಭಾಷೆ ನಿಂತಲ್ಲೇ. ಐದು ಸೇರು ಹಾಲಿಗೆ ಒಂದು ಹನಿ ಮಜ್ಜಿಗೆ ಬಿಟ್ಟರೂ ಬೆಚ್ಚಗಿದ್ದರೆ ಮೊಸರಾಗುತ್ತದೆ. ಚಳಿಗಿಟ್ಟರೆ ಎಷ್ಟು ಹಾಲು ಸುರಿದರೂ ಹಾಲಾಗಿಯೇ ಉಳಿಯುತ್ತದೆ. ಆ ಬೆಚ್ಚನೆಯ ಮೂಲೆಯೇ 'ಪುಟ್ಟ ಕೆನಡಾ' ಎನ್ನಿಸಿಕೊಂಡ ಕೇರಿ, ಅಲ್ಲಿನ ಇಗರ್ಜಿ, ಶಾಲೆ, ಪತ್ರಿಕೆ. ರೈಲು ಹತ್ತಿ ಬರುತ್ತಿದ್ದ ಹೊಸ ನೆಂಟರು ಹೊಸ ಹೆಪ್ಪನ್ನೂ ತರುತ್ತಿದ್ದರು. 1930ರ ಆರ್ಥಿಕ ಕುಸಿತದಲ್ಲಿ ಗಡಿ ಬಿಗಿಯಾಗಿ ಆ ಬರವು ನಿಂತಿತು. ಮೊಮ್ಮಕ್ಕಳ ಕಾಲಕ್ಕೆ ಮನೆಮಾತು ಇಂಗ್ಲಿಷಾಯಿತು.

ರಕ್ತದೊಡನೆ ಭಾಷೆ ಹರಿಯುತ್ತದೆ ಎಂಬ ಮೂಢನಂಬಿಕೆಗೆ ಉತ್ತರ ಆ ರಾಷ್ಟ್ರೀಯವಾದಿಗಳ ಪಾಳಯದಲ್ಲೇ ಇತ್ತು. ಸ್ವತಂತ್ರ ಫ್ರೆಂಚ್ ಕ್ಯಾಥೊಲಿಕ್ ರಾಷ್ಟ್ರಕ್ಕಾಗಿ ಎಲ್ಲರಿಗಿಂತ ಉಗ್ರವಾಗಿ ಬರೆದ ಪತ್ರಕರ್ತ ಜೂಲ್-ಪಾಲ್ ತಾರ್ದಿವೆಲ್ ಹುಟ್ಟಿದ್ದು 1851ರಲ್ಲಿ, ಅಮೆರಿಕದ ಕೆಂಟಕಿಯಲ್ಲಿ. ಇಂಗ್ಲಿಷ್ ಮಾತಾಡುತ್ತ ಬೆಳೆದ ಅವರು ಫ್ರೆಂಚ್ ಕಲಿತದ್ದು ಹದಿಹರೆಯದಲ್ಲಿ, ಕ್ವಿಬೆಕ್‌ಗೆ ಓದಲು ಬಂದ ಮೇಲೆ.