ಕುರುಬನೂ ಯೇಸುವೇ, ಕುರಿಮರಿಯೂ ಯೇಸುವೇ?

ಪ್ರಶ್ನೆ: ನಮ್ಮದು ವಿರಾಜಪೇಟೆ. ಪಕ್ಕದ ಮನೆಯವರು ಕ್ರೈಸ್ತರು. ಅವರ ಗೋಡೆಯಲ್ಲಿ ಯೇಸು ಹೆಗಲ ಮೇಲೆ ಕುರಿಮರಿ ಹೊತ್ತು ನಿಂತ ಪಟವಿದೆ. ಅವರ ಮಗಳ ಮದುವೆಗೆಂದು ಸಂತ ಅನ್ನಮ್ಮನವರ ಚರ್ಚಿಗೆ ಹೋದಾಗ ಅದೇ ಯೇಸುವನ್ನು ‘ದೇವರ ಕುರಿಮರಿ’ ಎಂದು ಪ್ರಾರ್ಥಿಸಿದರು. ಹಾಗಾದರೆ ಆತ ಕುರುಬನೋ, ಕುರಿಯೋ? ಇನ್ನೊಂದು ಮಾತು: ಪಟದಲ್ಲಿರುವ ಮರಿ ನನ್ನ ಕಣ್ಣಿಗೆ ಆಡಿನ ಹಾಗೆಯೇ ಕಾಣುತ್ತದೆ!

ಉತ್ತರ: ಎರಡೂ ಹೌದು. ಆದರೆ ಎರಡು ರೂಪಕಗಳ ಮೂಲ ಬೇರೆ ಬೇರೆ.

ಕೊಡಗಿನಲ್ಲಿ ಕೂತು ಇದನ್ನು ಕೇಳುವವರಿಗೆ ಗೊಂದಲ ಸಹಜ. ಇಲ್ಲಿ ‘ಕುರುಬ’ ಎಂದರೆ ಮೊದಲು ನೆನಪಾಗುವುದು ಜೇನು ಕುರುಬರು, ಬೆಟ್ಟ ಕುರುಬರು. ಅವರದು ಕಾಡಿನ ಬದುಕು, ಮಂದೆಯದಲ್ಲ. ತಿಂಗಳುಗಟ್ಟಲೆ ಮಳೆ ಹಿಡಿದುಕೊಳ್ಳುವ ಒದ್ದೆ ನೆಲದಲ್ಲಿ ಕುರಿಯ ಗೊರಸು ಕೊಳೆಯುತ್ತದೆ. ಹಂದಿ ಸಾಕುವವರು ಸಿಕ್ಕಾರು, ಕುರಿಮಂದೆ ಕಾಯುವವರು ಸಿಗುವುದು ಕಷ್ಟ. ಬೈಬಲಿನ ಯೂದಾಯ ಇದಕ್ಕೆ ತದ್ವಿರುದ್ಧ: ಕಲ್ಲು, ಕುರುಚಲು, ಅಪರೂಪದ ಮಳೆ. ಚಿತ್ರದುರ್ಗ, ಬಳ್ಳಾರಿಯ ಬಯಲನ್ನು ಕಣ್ಣ ಮುಂದೆ ತಂದುಕೊಳ್ಳಿ. ನೀರೆಲ್ಲಿ, ಮೇವೆಲ್ಲಿ ಎಂಬುದು ಕುರುಬನಿಗೆ ಮಾತ್ರ ಗೊತ್ತಿರುವ ಊರಲ್ಲಿ ಅವನಿಲ್ಲದೆ ಕುರಿಗೆ ಬದುಕಿಲ್ಲ.

ಹಾಗಾಗಿ ಆ ಕಾಲದವರಿಗೆ ಕುರುಬ ಎಂದರೆ ಅರಸ. ಕುರಿ ಕಾಯುತ್ತಿದ್ದ ದಾವೀದನೇ ಇಸ್ರಾಯೇಲಿನ ರಾಜನಾದ. ಅವನ ಹೆಸರಿನಲ್ಲಿರುವ 23ನೆಯ ಕೀರ್ತನೆ ದೇವರನ್ನೇ ಕುರುಬ ಎನ್ನುತ್ತದೆ. ಆದರೆ ಎಲ್ಲ ಕುರುಬರೂ ಒಳ್ಳೆಯವರಲ್ಲ. ‘ಕುರಿ ಕೊಬ್ಬಿದಷ್ಟೂ ಕುರುಬನಿಗೆ ಲಾಭ’ ಎಂಬ ನಮ್ಮ ಗಾದೆಯನ್ನು ಪ್ರವಾದಿ ಯೆಹೆಜ್ಕೇಲ ಕೇಳಿದ್ದರೆ ತಲೆಯಾಡಿಸುತ್ತಿದ್ದ. ಅವನ ಗ್ರಂಥದ 34ನೆಯ ಅಧ್ಯಾಯ ಆಳುವವರನ್ನು ಬೈಯುವುದು ಇದಕ್ಕೇ: ಕೊಬ್ಬಿದ್ದನ್ನು ಕಡಿದು ತಿನ್ನುತ್ತೀರಿ, ಉಣ್ಣೆ ಹೊದೆಯುತ್ತೀರಿ, ಮಂದೆಯನ್ನು ಮಾತ್ರ ಮೇಯಿಸುವುದಿಲ್ಲ. ಇನ್ನು ನಾನೇ ಮೇಯಿಸುತ್ತೇನೆ ಎಂದು ದೇವರು ಅಲ್ಲಿ ಹೇಳುತ್ತಾನೆ.

ಕುರಿಮರಿಯ ಕಥೆ ಬಂದದ್ದು ಐಗುಪ್ತದಿಂದ, ಅಂದರೆ ಈಜಿಪ್ಟಿನಿಂದ. ಇಸ್ರಾಯೇಲ್ಯರು ಗುಲಾಮಗಿರಿಯಿಂದ ಹೊರಟ ರಾತ್ರಿ, ಕುಂದಿಲ್ಲದ, ಒಂದು ವರ್ಷದ ಗಂಡು ಮರಿಯನ್ನು ಕೊಯ್ದು ರಕ್ತವನ್ನು ಬಾಗಿಲ ಚೌಕಟ್ಟಿಗೆ ಹಚ್ಚಿದರು. ರಕ್ತವಿದ್ದ ಮನೆಯನ್ನು ಸಾವು ದಾಟಿ ಹೋಯಿತು. ಅದೇ ಪಸ್ಕ ಹಬ್ಬ. ಆ ಮರಿಯ ಎಲುಬನ್ನು ಮುರಿಯಬಾರದೆಂಬ ನಿಯಮವೂ ಇತ್ತು. ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಸ್ನಾನಿಕ ಯೋಹಾನ ಆತನನ್ನು ತೋರಿಸಿ ‘ದೇವರ ಕುರಿಮರಿ’ ಎಂದಾಗ ಕೇಳಿದವರ ಮನಸ್ಸಿನಲ್ಲಿ ಇದೆಲ್ಲ ಇತ್ತು. ಯೇಸುವಿನ ಬದುಕನ್ನು ಹೇಳುವ ಯೋಹಾನನ ಸುವಾರ್ತೆ (ಈ ಯೋಹಾನ ಬೇರೆ) ಇನ್ನೂ ಮುಂದೆ ಹೋಗುತ್ತದೆ: ಯೇಸುವನ್ನು ಶಿಲುಬೆಗೇರಿಸಿದ್ದು ಪಸ್ಕದ ಸಿದ್ಧತೆಯ ದಿನ, ಮರಿಗಳನ್ನು ಕೊಯ್ಯುವ ದಿನ, ಸೈನಿಕರು ಆತನ ಕಾಲು ಮುರಿಯಲಿಲ್ಲ ಎಂದು ಅದು ಗುರುತಿಸಿ ಹೇಳುತ್ತದೆ.

ಈಗ ನಿಮ್ಮ ಗಂಟು. ಅದೇ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಯೇಸು ‘ನಾನೇ ಒಳ್ಳೆಯ ಕುರುಬ’ ಎನ್ನುತ್ತಾನೆ. ಒಳ್ಳೆಯ ಕುರುಬನ ಗುರುತೇನು? ಕುರಿಗಳಿಗಾಗಿ ಪ್ರಾಣ ಕೊಡುವುದು. ಗಾದೆ ಇಲ್ಲಿ ತಲೆಕೆಳಗು. ಕುರಿಯ ಬದಲು ಕುರುಬನೇ ಬಲಿ. ಅಂದರೆ ಕಾಯುವವನೇ ಕುರಿಮರಿಯ ಜಾಗದಲ್ಲಿ ನಿಂತ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆ ಇದನ್ನು ಬಾಯಿಬಿಟ್ಟೇ ಹೇಳುತ್ತದೆ: ಸಿಂಹಾಸನದ ನಡುವಿರುವ ಕುರಿಮರಿಯೇ ಅವರನ್ನು ಮೇಯಿಸಿ ಜೀವಜಲದ ಒರತೆಗಳಿಗೆ ನಡೆಸುವುದು (7:17). ಕುರಿಮರಿ ಮಂದೆ ಕಾಯುವುದು ಎಂಥ ವಿಚಿತ್ರ ಚಿತ್ರ! ನನಗೆ ಬಹಳ ಇಷ್ಟವಾದದ್ದೂ ಅದೇ.

ಚರ್ಚಿನೊಳಗೇ ಇದಕ್ಕೆ ಜಗಳವೂ ಆಗಿದೆ. ಕ್ರಿಸ್ತನನ್ನು ಇನ್ನು ಕುರಿಮರಿಯಾಗಿ ಚಿತ್ರಿಸಬೇಡಿ, ಮನುಷ್ಯರೂಪದಲ್ಲೇ ಬರೆಯಿರಿ ಎಂದು 692ರಲ್ಲಿ ಕಾನ್‌ಸ್ಟಾಂಟಿನೋಪಲಿನ ಸಭೆ ವಿಧಿಸಿತು. ರೋಮಿನ ಪೋಪ್ ಒಂದನೆಯ ಸೆರ್ಜಿಯಸ್ ಆ ಸಭೆಯ ವಿಧಿಗಳಿಗೆ ಒಪ್ಪಿಗೆ ಕೊಡಲಿಲ್ಲ. ಬಲಿಪೂಜೆಯಲ್ಲಿ ರೊಟ್ಟಿ ಮುರಿಯುವಾಗ ‘ದೇವರ ಕುರಿಮರಿ’ ಎಂದು ಹಾಡುವ ಪದ್ಧತಿ ತಂದವನೂ ಅವನೇ ಎಂದು ಪೋಪರ ಹಳೆಯ ಚರಿತ್ರೆ ಹೇಳುತ್ತದೆ. ನೀವು ಕೇಳಿಸಿಕೊಂಡ ಪ್ರಾರ್ಥನೆ ಅದು. ಸಂತ ಅನ್ನಮ್ಮನವರ ಚರ್ಚು ಶುರುವಾದದ್ದು 1792ರಲ್ಲಿ. ಪ್ರಾರ್ಥನೆ ಅದಕ್ಕಿಂತ ಸಾವಿರ ವರ್ಷಕ್ಕೂ ಹಳೆಯದು.

ಬಿಷಪರ ಕೈಯ ಬಾಗಿದ ಕೋಲು ಕುರುಬನ ಕೋಲೇ. ‘ಪಾಸ್ಟರ್’ ಎಂಬ ಮಾತಿಗೂ ಲ್ಯಾಟಿನ್ನಿನಲ್ಲಿ ಕುರುಬ ಎಂದೇ ಅರ್ಥ.

ಉಳಿದದ್ದು ಆಡು. ಕುರಿಯನ್ನೇ ಕಾಣದ ಊರಿನ ಕಣ್ಣು ಎಂದು ನಗುವ ಹಾಗಿಲ್ಲ. ಐಗುಪ್ತದಿಂದ ಹೊರಟ ಕಥೆ ಹೇಳುವ ಬೈಬಲಿನ ಪುಸ್ತಕ ವಿಮೋಚನಕಾಂಡದ ಪ್ರಕಾರ ಪಸ್ಕದ ಮರಿ ಕುರಿಯದ್ದಾದರೂ ಆದೀತು, ಆಡಿನದ್ದಾದರೂ ಆದೀತು. ಮತ್ತಾಯನ ಸುವಾರ್ತೆ ಕೊನೆಯ ತೀರ್ಪಿನಲ್ಲಿ ಆಡುಗಳನ್ನು ಎಡಕ್ಕೆ ಬೇರ್ಪಡಿಸುತ್ತದೆ, ನಿಜ. ಆದರೂ ರೋಮಿನ ಪ್ರಿಸಿಲ್ಲಾ ನೆಲಸಮಾಧಿಯ ಚಾವಣಿಯಲ್ಲಿ, ಮೂರನೆಯ ಶತಮಾನದಲ್ಲಿ ಬರೆದ ಒಳ್ಳೆಯ ಕುರುಬನ ಹೆಗಲ ಮೇಲಿರುವುದು ಆಡೇ.