ದೋಣಿಯ ಎಂಜಿನ್ ಕಳಚುವಾಗ ಕೇಳಬೇಕಾದ ಪ್ರಶ್ನೆ

ದೋಣಿಯ ಎಂಜಿನ್ ಕೆಟ್ಟಾಗ ಸಣ್ಣಪುಟ್ಟ ರಿಪೇರಿಗಳನ್ನು ಅದು ಕೂತಲ್ಲೇ ಮಾಡಬಹುದು. ಇಂಜೆಕ್ಟರ್ ಬದಲಿಸಬಹುದು, ನೀರಿನ ಪಂಪ್ ಬಿಚ್ಚಬಹುದು. ಆದರೆ ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಬೇರಿಂಗ್ ಸವೆದಿದ್ದರೆ, ಅಡಿಯ ಆಯಿಲ್ ಸಂಪ್ ತುಕ್ಕು ಹಿಡಿದು ತೂತಾಗಿದ್ದರೆ ಹಾಗಾಗುವುದಿಲ್ಲ. ಇಡೀ ಎಂಜಿನ್ ಹೊರಗೆ ಬರಬೇಕು.

ಇಪ್ಪತ್ತು ಹಾರ್ಸ್‌ಪವರಿನ ಸಣ್ಣ ಡೀಸೆಲ್ ಎಂಜಿನ್ ಕೂಡ ಗೇರ್‌ಬಾಕ್ಸ್ ಸೇರಿ 100 ಕಿಲೋದ ಆಸುಪಾಸು ತೂಗುತ್ತದೆ. ನಾಲ್ಕು ಸಿಲಿಂಡರಿನದ್ದಾದರೆ 200 ದಾಟುವುದು ಮಾಮೂಲು. ಅದು ಕೂತಿರುವುದು ಇಕ್ಕಟ್ಟಾದ ಗೂಡಿನಲ್ಲಿ. ಕೆಳಗೆ ನೀರು, ಮೇಲೆ ಚಿಕ್ಕ ಬಾಗಿಲು. ನಾಲ್ಕು ಜನ ಗಟ್ಟಿಗರು ಬಂದರೂ ಕೈ ಹಾಕಲು ಜಾಗ ಇರುವುದಿಲ್ಲ. ಹಾಗಾಗಿ ತೋಳ್ಬಲ ಇಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಈ ಕೆಲಸದುದ್ದಕ್ಕೂ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಭಾರ ಈಗ ಯಾವುದರ ಮೇಲಿದೆ?

ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ್ದು ಹೊರಗಿನ ನೀರಿನ ಭಾರ. ಎಂಜಿನ್ ತಂಪಾಗಿಡಲು ದೋಣಿಯ ತಳದಿಂದ ನೀರು ಒಳಗೆ ಬರುವ ಒಂದು ತೂತು ಇರುತ್ತದೆ. ಅದಕ್ಕೊಂದು ವಾಲ್ವ್ ಇದೆ. ಅದನ್ನು ಮುಚ್ಚದೆ ಹೋಸ್ ಕಿತ್ತರೆ ಏನಾಗುತ್ತದೆ? ತೂತು 25 ಮಿಲಿಮೀಟರ್ ಅಗಲ, ನೀರಿನ ಮಟ್ಟದಿಂದ ಅರ್ಧ ಮೀಟರ್ ಕೆಳಗೆ ಇದೆ ಅಂದುಕೊಳ್ಳಿ. ತೂತಿನಿಂದ ಹೊಮ್ಮುವ ನೀರಿನ ವೇಗಕ್ಕೆ 17ನೇ ಶತಮಾನದಲ್ಲೇ ಇಟಲಿಯ ವಿಜ್ಞಾನಿ ಟೊರಿಚೆಲ್ಲಿ ಒಂದು ಸೂತ್ರ ಕೊಟ್ಟಿದ್ದಾನೆ. ಅರ್ಧ ಮೀಟರ್ ಎತ್ತರದಿಂದ ಬಿದ್ದ ಕಲ್ಲು ನೆಲ ಮುಟ್ಟುವಾಗ ಎಷ್ಟು ವೇಗದಲ್ಲಿರುತ್ತದೋ ಅಷ್ಟೇ ವೇಗ. ಅಂದರೆ ಸೆಕೆಂಡಿಗೆ 3 ಮೀಟರಿಗಿಂತ ತುಸು ಜಾಸ್ತಿ. ತೂತಿನ ಅಂಚಿನಲ್ಲಿ ಧಾರೆ ಕಿರಿದಾಗುವುದನ್ನು ಕಳೆದರೂ ನಿಮಿಷಕ್ಕೆ 50 ಲೀಟರಿಗೂ ಹೆಚ್ಚು ನೀರು ಒಳಗೆ ನುಗ್ಗುತ್ತದೆ. ಬೆರಳಗಲದ ತೂತು ಅಂತ ಉದಾಸೀನ ಮಾಡುವ ಹಾಗಿಲ್ಲ.

ಪ್ರೊಪೆಲ್ಲರನ್ನು ತಿರುಗಿಸುವ ದಂಡ, ಅಂದರೆ ಶಾಫ್ಟಿನ ಕಥೆಯೂ ಇದೇ. ಅದನ್ನು ಗೇರ್‌ಬಾಕ್ಸಿಗೆ ಜೋಡಿಸುವುದು ಕಪ್ಲಿಂಗ್. ಗೇರ್‌ಬಾಕ್ಸಿನಿಂದ ಕಪ್ಲಿಂಗ್ ಬಿಚ್ಚಿದ ಮೇಲೆ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿದಿಡುವುದು ಏನೂ ಇರುವುದಿಲ್ಲ. ಅದು ಓರೆಯಾಗಿ ಹಿಂದಕ್ಕೆ ಇಳಿದಿರುತ್ತದೆ, ಸುಮ್ನೆ ಜಾರಿಕೊಂಡು ಹೊರಗೆ ಹೋಗಿ, ಆ ತೂತಿನಿಂದಲೂ ನೀರು ನುಗ್ಗಬಹುದು. ಒಳಗಡೆ ಶಾಫ್ಟಿಗೆ ಒಂದು ಕ್ಲಾಂಪ್ ಬಿಗಿದರೆ ಈ ಭಯ ಹೋಗುತ್ತದೆ.

ಬ್ಯಾಟರಿಯಲ್ಲಿ ಮೈನಸ್ ತಂತಿಯನ್ನೇ ಮೊದಲು ತೆಗೆಯಬೇಕು. ಸಾಮಾನ್ಯವಾಗಿ ಎಂಜಿನ್ನಿನ ಮೈಯೇ ಮೈನಸ್ಸಿಗೆ ಜೋಡಿಸಿರುತ್ತದೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಜಾರಿ ಎಂಜಿನ್ನಿಗೆ ತಗುಲಿದರೆ ನೂರಾರು ಆಂಪಿಯರ್ ಕರೆಂಟ್ ಅದರೊಳಗೆ ಹರಿಯುತ್ತದೆ. ಮೈನಸ್ ಮೊದಲೇ ಬಿಚ್ಚಿದ್ದರೆ ಆ ಸುತ್ತು ಪೂರ್ತಿಯಾಗುವುದಿಲ್ಲ. ಇನ್ನು ತಂತಿ, ಪೈಪು ಒಂದೊಂದಕ್ಕೂ ಚೀಟಿ ಅಂಟಿಸಿ, ಫೋಟೋ ತೆಗೆದುಕೊಳ್ಳಿ. ಎರಡು ತಿಂಗಳ ನಂತರ ಏನೂ ನೆನಪಿರುವುದಿಲ್ಲ.

ಬೋಲ್ಟುಗಳ ಹತ್ತಿರ ಮಾತ್ರ ಸ್ವಲ್ಪ ನಿಲ್ಲಲೇಬೇಕು. ನಿಜವಾದ ಸಮಯ ಹೋಗುವುದು ಅಲ್ಲೇ. ಅಲ್ಯುಮಿನಿಯಂ ಭಾಗಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಹಾಕಿ, ಮಧ್ಯೆ ಉಪ್ಪುನೀರು ಸೇರಿದರೆ ಅದೇ ಒಂದು ಪುಟ್ಟ ಬ್ಯಾಟರಿ. ಅಲ್ಯುಮಿನಿಯಂ ಕರಗುತ್ತಾ ಹೋಗುತ್ತದೆ, ಸ್ಟೀಲ್ ಹಾಗೇ ಉಳಿಯುತ್ತದೆ. ಕರಗಿದ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಮೊದಲಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ. ಬೋಲ್ಟಿನ ಸುತ್ತ ಬೆಣೆ ಹೊಡೆದ ಹಾಗೆ ಕೂರುತ್ತದೆ. ಇದೇ ರಸಾಯನವನ್ನು ಉಪಕಾರಕ್ಕೂ ಬಳಸಬಹುದು ಎಂದು ತೋರಿಸಿದವನು ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ. ಬ್ರಿಟಿಷ್ ನೌಕಾಪಡೆಯ ಹಡಗುಗಳ ತಾಮ್ರದ ಹೊದಿಕೆ ಉಪ್ಪುನೀರಿನಲ್ಲಿ ಸವೆಯುತ್ತಿತ್ತು. 1824ರಲ್ಲಿ ಅವನು ಆ ತಾಮ್ರಕ್ಕೆ ಸತು ಮತ್ತು ಕಬ್ಬಿಣದ ತುಂಡುಗಳನ್ನು ತಾಗಿಸಿ ನೋಡಿದ. ಸತು, ಕಬ್ಬಿಣ ತಾವು ಕರಗಿ ತಾಮ್ರವನ್ನು ಉಳಿಸಿದವು. ಆದರೆ ತಾಮ್ರ ಕರಗುವುದು ನಿಂತಿದ್ದರಿಂದ ಅದರ ವಿಷವೂ ನಿಂತುಹೋಗಿ, ಹಡಗಿನ ತಳದಲ್ಲಿ ಪಾಚಿ, ಚಿಪ್ಪುಪ್ರಾಣಿಗಳು ಬೆಳೆದವು! ಅವನ ಉಪಾಯ ಮಾತ್ರ ಉಳಿದುಕೊಂಡಿದೆ. ಇಂದಿಗೂ ದೋಣಿಗಳ ತಳದಲ್ಲಿ ಸತುವಿನ ಗಟ್ಟಿ ಇರುತ್ತದೆ.

ಕಚ್ಚಿಕೊಂಡ ಬೋಲ್ಟಿಗೆ ಮೊದಲ ಮದ್ದು ತೆಳು ಎಣ್ಣೆ ಮತ್ತು ತಾಳ್ಮೆ. ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಅದು ಬೋಲ್ಟಿನ ತಿರುಪಿನ ಸಣ್ಣ ಸಂದುಗಳಿಗೆ ತಾನೇ ಇಳಿಯುತ್ತದೆ. ಒಂದು ರಾತ್ರಿ ಬಿಡಿ. ಎರಡನೆಯ ಮದ್ದು ಬಿಸಿ. ಒಂದು ಡಿಗ್ರಿ ಬಿಸಿ ಏರಿದರೆ ಅಲ್ಯುಮಿನಿಯಂ ತನ್ನ ಅಳತೆಯ ಹತ್ತು ಲಕ್ಷದಲ್ಲಿ 23 ಪಾಲು ಹಿಗ್ಗುತ್ತದೆ, ಮಾಮೂಲಿ ಸ್ಟೀಲ್ 12 ಪಾಲು ಅಷ್ಟೇ. 10 ಮಿಲಿಮೀಟರ್ ತೂತು 100 ಡಿಗ್ರಿ ಬಿಸಿಯಾದರೆ ಮಾಮೂಲಿ ಸ್ಟೀಲ್ ಬೋಲ್ಟಿಗಿಂತ ಒಂದು ಮಿಲಿಮೀಟರಿನ ನೂರನೇ ಒಂದು ಪಾಲು ಜಾಸ್ತಿ ಅಗಲವಾಗುತ್ತದೆ. ಆ ಪುಡಿಯ ಹಿಡಿತ ಸಡಿಲವಾಗಲು ಎಷ್ಟೋ ಸಲ ಇಷ್ಟು ಸಾಕು. ಆದರೆ ಪೆಟ್ರೋಲ್ ಎಂಜಿನ್ ಇದ್ದರೆ ದಯವಿಟ್ಟು ಈ ಉಪಾಯ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಮೇಲೆ ಹೋಗಿ ಚದುರುವುದಿಲ್ಲ, ದೋಣಿಯ ತಳದಲ್ಲೇ ಇಳಿದು ನಿಲ್ಲುತ್ತದೆ. ಒಂದು ಕಿಡಿ ಸಾಕು.

ಈಗ ಎತ್ತುವ ಕೆಲಸ. ಅದಕ್ಕೆ ಮುಂಚೆ ಆಲ್ಟರ್ನೇಟರ್, ಸೆಲ್ಫ್ ಮೋಟರ್, ಸಾಧ್ಯವಾದರೆ ಗೇರ್‌ಬಾಕ್ಸ್ ಕೂಡ ಕಳಚಿ. ಭಾರ ಇಳಿಯುತ್ತದೆ, ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುವುದೂ ತಪ್ಪುತ್ತದೆ.

ಬಾಗಿಲಿನ ಮೇಲೆ ಅಡ್ಡ ತೊಲೆ ಇಡುವವರು ಅದನ್ನು ಮಲಗಿಸಿ ಇಡುವುದನ್ನು ನೋಡಿದ್ದೇನೆ. ಹಾಗೆ ಇಟ್ಟರೆ ಅಲುಗದೆ ಕೂರುತ್ತದೆ ಅನ್ನುವುದು ನಿಜ. ಆದರೆ ತೊಲೆಯ ಬಲ ಅದರ ಅಗಲದ ಜೊತೆ ಸಮಸಮವಾಗಿ, ಎತ್ತರದ ಜೊತೆ ವರ್ಗವಾಗಿ ಬೆಳೆಯುತ್ತದೆ. ಗೆಲಿಲಿಯೋ 1638ರಲ್ಲೇ ಇದನ್ನು ಬರೆದಿಟ್ಟ. 5 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರವಾಗಿ ನಿಂತ ತೊಲೆ, ಅದೇ ಮಲಗಿದ ತೊಲೆಗಿಂತ ಎರಡರಷ್ಟು ಭಾರ ಹೊರುತ್ತದೆ. ಬಾಗುವುದು ನಾಲ್ಕನೇ ಒಂದು ಪಾಲು ಮಾತ್ರ. ನಿಲ್ಲಿಸಿ ಇಡಿ, ಪಕ್ಕಕ್ಕೆ ಮಗುಚದ ಹಾಗೆ ತುದಿಗಳನ್ನು ಬಿಗಿಯಿರಿ.

ತೊಲೆಗೆ ಚೈನ್ ಪುಲ್ಲಿ ತೂಗುಹಾಕುತ್ತೇವೆ. ಇದು ನನಗೆ ಬಹಳ ಇಷ್ಟದ ಯಂತ್ರ. ಇದರ ಹಳೆಯ ರೂಪವನ್ನು 1854ರಲ್ಲಿ ಥಾಮಸ್ ಆಲ್ಡ್ರಿಜ್ ವೆಸ್ಟನ್ ಕಂಡುಹಿಡಿದ. ಮೇಲೆ ಒಂದೇ ಅಚ್ಚಿಗೆ ಅಂಟಿದ ಎರಡು ಗಾಲಿಗಳು. ಒಂದರ ಸುತ್ತ 10 ಕೊಂಡಿ ಹಿಡಿಸಿದರೆ ಇನ್ನೊಂದರ ಸುತ್ತ 9. ಗಾಲಿ ಒಂದು ಸುತ್ತು ತಿರುಗಿದಾಗ 10 ಕೊಂಡಿ ಮೇಲೇರುತ್ತವೆ, 9 ಕೆಳಗಿಳಿಯುತ್ತವೆ. ಉಳಿಯುವುದು ಒಂದು ಕೊಂಡಿ. ಭಾರ ತೂಗುವುದು ಆ ಸರಪಳಿಯ ಮಡಿಕೆಯಲ್ಲಿ. ಹಾಗಾಗಿ ಅದು ಏರುವುದು ಅರ್ಧ ಕೊಂಡಿ. ಕೈ 10 ಕೊಂಡಿ ಎಳೆದರೆ ಭಾರ ಅರ್ಧ ಕೊಂಡಿ, ಅಂದರೆ 20 ಪಟ್ಟು ಅನುಕೂಲ. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ತಿಕ್ಕಾಟಕ್ಕೇ ಹೋಗುತ್ತದೆ. ಅದು ನಷ್ಟ ಅನ್ನಿಸುತ್ತದೆ, ಅಲ್ವಾ? ಆದರೆ ಆ ತಿಕ್ಕಾಟವೇ ಕೈ ಬಿಟ್ಟಾಗ ಎಂಜಿನ್ ಕೆಳಗೆ ಬೀಳದಂತೆ ಹಿಡಿದಿರುತ್ತದೆ. ಈಗಿನ ಚೈನ್ ಪುಲ್ಲಿಯಲ್ಲಿ ಹಲ್ಲಿನ ಗಾಲಿಗಳೂ ಬ್ರೇಕೂ ಆ ಕೆಲಸ ಮಾಡುತ್ತವೆ.

ಈ ಅನುಕೂಲದಲ್ಲೊಂದು ಅಪಾಯ ಅಡಗಿದೆ. ಕೈಗೆ ಭಾರ ಗೊತ್ತಾಗದ ಹಾಗೆಯೇ ಅಡ್ಡಿಯೂ ಗೊತ್ತಾಗುವುದಿಲ್ಲ. ಮೊದಲ ಸಲ ನಾನು ಎಂಜಿನ್ ಎತ್ತಿದಾಗ ಹಿಂದಿನ ಮೂಲೆಯಲ್ಲಿ ಎಂಜಿನ್ನನ್ನು ಪೀಠಕ್ಕೆ ಹಿಡಿದಿಡುವ ಒಂದು ಮೌಂಟ್ ಬೋಲ್ಟ್ ಬಿಚ್ಚುವುದನ್ನು ಮರೆತಿದ್ದೆ. ಸರಪಳಿ ಹಗುರವಾಗಿಯೇ ಬಂತು. ತೊಲೆ ನರಳಿದ್ದು ಕೇಳಿಸಿ ನಿಲ್ಲಿಸಿದೆ. ಎಂಜಿನ್ನನ್ನು ಅದರ ಪೀಠದ ಸಮೇತ ಕೀಳಲು ಹೊರಟಿದ್ದೆ. ಅಂದಿನಿಂದ ನಾಲ್ಕು ಕೊಂಡಿ ಎಳೆದು ನಿಲ್ಲುತ್ತೇನೆ, ಸುತ್ತ ಕೈಯಾಡಿಸಿ ನೋಡುತ್ತೇನೆ, ಮತ್ತೆ ಎಳೆಯುತ್ತೇನೆ.

ಪುಲ್ಲಿಯ ಕೊಕ್ಕೆಗೆ ಎಂಜಿನ್ ತೂಗುಹಾಕುವ ಬೆಲ್ಟನ್ನು ಎಂಜಿನ್ನಿನ ಎತ್ತುವ ಕೊಂಡಿಗಳಿಗೇ ಹಾಕಬೇಕು. ಕೋನವನ್ನೂ ನೋಡಬೇಕು. ಎರಡು ಬೆಲ್ಟ್ ನೇರವಾಗಿ ನಿಂತರೆ ಒಂದೊಂದರ ಮೇಲೆ ಅರ್ಧರ್ಧ ಭಾರ. ಅಡ್ಡಗೆರೆಗೆ 30 ಡಿಗ್ರಿಯಷ್ಟು ಚಪ್ಪಟೆಯಾದರೆ ಒಂದೊಂದೂ ಇಡೀ ಎಂಜಿನ್ನಿನಷ್ಟು ಎಳೆತ ತಡೆಯಬೇಕಾಗುತ್ತದೆ.

ನೀರಿನ ಮೇಲಿದ್ದಾಗ ಇನ್ನೊಂದು ಸಂಗತಿ ಇದೆ. ಪೀಠದಿಂದ ಎಂಜಿನ್ ಒಂದು ಮಿಲಿಮೀಟರ್ ಎದ್ದರೂ ಸಾಕು. ಆ ಕ್ಷಣದಿಂದ ಅದರ ಭಾರ ಮೇಲೆ ಕೊಕ್ಕೆ ಇರುವ ಜಾಗದಲ್ಲಿ ಕೂತಂತೆ ಆಗುತ್ತದೆ. ತಳದಲ್ಲಿದ್ದ 150 ಕಿಲೋ ಎರಡು ಮೀಟರ್ ಮೇಲಕ್ಕೆ ಹಾರಿದ ಹಾಗೆ! ತೂಗುವ ವಸ್ತು ದೋಣಿ ಎತ್ತ ವಾಲಿದರೆ ಅತ್ತಲೇ ಸರಿದು ಇನ್ನಷ್ಟು ವಾಲಿಸುತ್ತದೆ, ಅದಕ್ಕೇ ಹೀಗೆ. ಎಂಜಿನ್ನಿಗೆ ನಾಲ್ಕು ಕಡೆ ಹಗ್ಗ ಕಟ್ಟಿ ತೂಗಾಡದಂತೆ ಹಿಡಿದರೆ ಭಾರ ಮತ್ತೆ ಅದು ಇರುವ ಎತ್ತರಕ್ಕೇ ಇಳಿಯುತ್ತದೆ. ಅದರ ಅಡಿಯಲ್ಲಿ ಮಾತ್ರ ಯಾರೂ ಕೈಕಾಲು ಚಾಚಬಾರದು. ದಡಕ್ಕೆ ಸಾಗಿಸಿದ ಮೇಲೆ ದೋಣಿ ಮೇಲೇಳುತ್ತದೆ. ನೀರಿನ ಮಟ್ಟದಲ್ಲಿ ದೋಣಿಯ ವಿಸ್ತಾರ 10 ಚದರ ಮೀಟರ್ ಇದ್ದರೆ ಸುಮಾರು ಒಂದೂವರೆ ಸೆಂಟಿಮೀಟರ್. ಎಂಜಿನ್ ಹಿಂದೆ ಇದ್ದರೆ ಹಿಂಭಾಗ ಇನ್ನೂ ಜಾಸ್ತಿ ಏಳುತ್ತದೆ.

ಹೀಗೆ ಭಾರ ಹೋದಾಗ ದೋಣಿಯ ಮೈಯೂ ಚೂರು ಆಕಾರ ಬದಲಿಸುತ್ತದೆ. ನೆಲದ ಮೇಲೆ ಆನಿಕೆ ಕೊಟ್ಟು ನಿಲ್ಲಿಸಿದಾಗಿನ ಆಕಾರವೂ ನೀರಿನಲ್ಲಿನ ಆಕಾರವೂ ಒಂದೇ ಅಲ್ಲ. ಎಂಜಿನ್ ವಾಪಸ್ ಕೂರಿಸುವಾಗ ಇದು ಗೊತ್ತಾಗುತ್ತದೆ. ಕಪ್ಲಿಂಗಿನ ಎರಡು ಮುಖಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ, ಅಂದರೆ ಗೊತ್ತಾದ ದಪ್ಪದ ತೆಳು ಲೋಹದ ಪಟ್ಟಿಗಳಿಂದ, ಸುತ್ತಲೂ ಅಳೆಯುತ್ತೇವೆ. 100 ಮಿಲಿಮೀಟರ್ ಅಗಲದ ಕಪ್ಲಿಂಗಿಗೆ ಮೇಲೆ ಕೆಳಗೆ, ಎಡ ಬಲದ ವ್ಯತ್ಯಾಸ 0.1 ಮಿಲಿಮೀಟರ್ ಮೀರಬಾರದು. ನೆಲದ ಮೇಲೆ ಇಷ್ಟು ಸರಿಯಾಗಿ ಕೂರಿಸಿದ್ದು ನೀರಿಗಿಳಿದ ಮೇಲೆ ತಪ್ಪಿರುತ್ತದೆ. ಅದಕ್ಕೇ ದೋಣಿಯನ್ನು ನೀರಿಗಿಳಿಸಿ, ಒಂದೆರಡು ದಿನ ಬಿಟ್ಟು, ಮೌಂಟ್ ನಟ್ಟುಗಳನ್ನು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುತ್ತಾ ಮತ್ತೆ ಅಳೆಯಬೇಕು. ಗೇರನ್ನು ನ್ಯೂಟ್ರಲ್ಲಿಗೆ ಹಾಕಿ ಶಾಫ್ಟನ್ನು ಕೈಯಿಂದ ತಿರುಗಿಸಿ. ಒಂದು ಪೂರ್ತಿ ಸುತ್ತಿನಲ್ಲಿ ಎಲ್ಲೂ ಬಿಗಿಯಾಗದೆ ಬಂದರೆ ಕಪ್ಲಿಂಗಿನ ಬೋಲ್ಟ್ ಬಿಗಿಯಬಹುದು. ಆಮೇಲೆ ಮರೆಯದೆ ನೀರಿನ ವಾಲ್ವ್ ತೆರೆಯಿರಿ.