ದ್ವೀಪಕ್ಕೆ ಬಿಟ್ಟರೆ ಮನುಷ್ಯ ಮೃಗವಾಗುತ್ತಾನಾ?

ಒಂದಷ್ಟು ಜನರನ್ನು ಪಂಚಾಯಿತಿ, ಪೊಲೀಸು, ಹಿರಿಯರು ಯಾರೂ ಇಲ್ಲದ ಜಾಗದಲ್ಲಿ ಬಿಟ್ಟುಬಿಡಿ. ಕೆಲವೇ ದಿನಗಳಲ್ಲಿ ಒಬ್ಬರನ್ನೊಬ್ಬರು ಬೇಟೆಯಾಡಲು ಶುರು ಮಾಡುತ್ತಾರೆ. ಕಾದಂಬರಿ, ಸಿನಿಮಾಗಳು ಈ ಮಾತನ್ನು ಎಷ್ಟು ಸಲ ಹೇಳಿವೆ ಅಂದರೆ, ಅದೊಂದು ಕಥೆ ಅನ್ನುವುದೇ ನಮಗೆ ಮರೆತುಹೋಗಿದೆ. ಕಲಬುರಗಿಯಲ್ಲಿ ಇಂಗ್ಲಿಷ್ ಸಾಹಿತ್ಯ ಓದುವ ಹುಡುಗರ ಜತೆ ಮಾತಿಗೆ ಕೂತರೆ ವಿಲಿಯಂ ಗೋಲ್ಡಿಂಗ್ ಅವರ ‘ಲಾರ್ಡ್ ಆಫ್ ದ ಫ್ಲೈಸ್’ ಬಂದೇ ಬರುತ್ತದೆ. "ಮನುಷ್ಯಾ ಒಳಗ ಇರೋದೇ ಹಂಗ್ರೀ ಸರ" ಅನ್ನುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ.

1954ರಲ್ಲಿ ಬಂದ ಆ ಕಾದಂಬರಿಯಲ್ಲಿ ವಿಮಾನ ಬಿದ್ದು ಒಂದಷ್ಟು ಇಂಗ್ಲಿಷ್ ಹುಡುಗರು ಜನರಿಲ್ಲದ ದ್ವೀಪಕ್ಕೆ ಬಂದು ಸೇರುತ್ತಾರೆ. ಮೊದಲು ಸಭೆ, ನಾಯಕ, ನಿಯಮ ಎಲ್ಲಾ ಇರುತ್ತದೆ. ಆಮೇಲೆ ಮುಖಕ್ಕೆ ಬಣ್ಣ, ಹಂದಿ ಬೇಟೆ, ಕೊನೆಗೆ ಕೊಲೆ. ಗೋಲ್ಡಿಂಗ್ ಹುಡುಗರ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದು, 1944ರ ನಾರ್ಮಂಡಿ ದಾಳಿಯನ್ನೂ ಕಂಡವರು. ಮನುಷ್ಯನ ಬಗ್ಗೆ ಅವರಿಗಿದ್ದ ಭಯ ಬಂದದ್ದು ದ್ವೀಪದಿಂದಲ್ಲ, ಸೈನ್ಯ, ಸರ್ಕಾರ, ಕಾರ್ಖಾನೆ ಎಲ್ಲವೂ ಇದ್ದ ನಾಗರಿಕ ಯುರೋಪಿನಿಂದ. ಕಾದಂಬರಿಯಲ್ಲೂ ಹುಡುಗರು ಹೆದರುವ ಆ ‘ಮೃಗ’ ಏನು ಗೊತ್ತಾ? ದೊಡ್ಡವರ ಯುದ್ಧದಲ್ಲಿ ಸತ್ತು, ಪ್ಯಾರಾಚೂಟಿನಲ್ಲಿ ಆಕಾಶದಿಂದ ಬಂದು ಬಿದ್ದ ಒಬ್ಬನ ಹೆಣ. ಇದನ್ನು ಓದುಗರು ಸುಮ್ನೆ ದಾಟಿಬಿಡುತ್ತಾರೆ.

ಮೊದಲು ಒಬ್ಬಂಟಿ ಮನುಷ್ಯನನ್ನೇ ನೋಡೋಣ. 1704ರಲ್ಲಿ ಅಲೆಕ್ಸಾಂಡರ್ ಸೆಲ್ಕರ್ಕ್ ಎಂಬ ಸ್ಕಾಟ್ಲೆಂಡಿನ ನಾವಿಕ ತನ್ನ ಹಡಗಿನ ಕಪ್ತಾನನ ಜತೆ ಜಗಳವಾಡಿ ಪೆಸಿಫಿಕ್ ಸಾಗರದ ಒಂದು ದ್ವೀಪದಲ್ಲಿ ಇಳಿದುಬಿಟ್ಟ. ನಾಲ್ಕು ವರ್ಷಕ್ಕೂ ಜಾಸ್ತಿ ಅಲ್ಲಿ ಒಬ್ಬನೇ ಇದ್ದ. ರಾತ್ರಿ ಇಲಿಗಳು ಕಾಲು ಕಚ್ಚುತ್ತಿದ್ದವು ಅಂತ ಬೆಕ್ಕುಗಳನ್ನು ಪಳಗಿಸಿದ. ಮೇಕೆಮರಿಗಳ ಜತೆ ಕುಣಿದ. ಬೈಬಲ್ ಓದಿದ, ಹಾಡಿದ. 1709ರಲ್ಲಿ ಅವನನ್ನು ಕಂಡ ಹಡಗಿನವರಿಗೆ ಅವನ ಮಾತೇ ಸರಿಯಾಗಿ ಅರ್ಥವಾಗಲಿಲ್ಲ. ಬಳಕೆಯಿಲ್ಲದೆ ಪದಗಳು ಅರ್ಧರ್ಧ ಹೊರಬರುತ್ತಿದ್ದವು. ಒಂಟಿತನ ಅವನಿಂದ ಕಸಿದುಕೊಂಡದ್ದು ಮಾತನ್ನು, ಮನುಷ್ಯತ್ವವನ್ನಲ್ಲ. ಬಸವಕಲ್ಯಾಣದಿಂದ ಶ್ರೀಶೈಲದ ಕದಳಿಗೆ ಹೊರಟ ನಮ್ಮ ಅಕ್ಕಮಹಾದೇವಿಯವರ ಏಕಾಂತ ಅವರೇ ಆರಿಸಿಕೊಂಡದ್ದು, ಬೇರೆಯದೇ ಬಗೆಯದು. ಆದರೂ ಕಾಡಿನಲ್ಲಿ ಅವರು ಮಾಡಿದ್ದೇನು? ಗಿಳಿ, ಕೋಗಿಲೆ, ದುಂಬಿಗಳನ್ನೆಲ್ಲ ಮಾತನಾಡಿಸಿ, ನನ್ನ ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಅಂತ ಕೇಳಿದರು.

ಮಿದುಳಿನಲ್ಲೂ ಇದರ ಗುರುತು ಸಿಗುತ್ತದೆ. 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪ್ರಕಟಿಸಿದ ಒಂದು ಅಧ್ಯಯನದಲ್ಲಿ 40 ಜನ ಭಾಗವಹಿಸಿದ್ದರು. ಒಂದು ದಿನ ಅವರು ಹತ್ತು ಗಂಟೆ ಯಾರ ಸಂಪರ್ಕವೂ ಇಲ್ಲದೆ ಇರಬೇಕಿತ್ತು, ಫೋನೂ ಇಲ್ಲ. ಇನ್ನೊಂದು ದಿನ ಹತ್ತು ಗಂಟೆ ಉಪವಾಸ. ಉಪವಾಸದ ನಂತರ ಊಟದ ಚಿತ್ರ ಕಂಡಾಗ ಮಿದುಳಿನ ನಡುಭಾಗದ ಯಾವ ಜಾಗ ಚುರುಕಾಯಿತೋ, ಒಂಟಿ ದಿನದ ನಂತರ ಜನ ಕೂಡಿ ನಗುವ ಚಿತ್ರ ಕಂಡಾಗಲೂ ಅದೇ ಜಾಗ ಚುರುಕಾಯಿತು. ಅಂದರೆ ಜನರಿಗಾಗಿ ನಮಗೆ ಹಸಿವೇ ಆಗುತ್ತದೆ.

ಹಾಗಾದರೆ ಕಾದಂಬರಿಕಾರರು ಸುಳ್ಳು ಹೇಳಿದರಾ? ಪೂರ್ತಿ ಅಲ್ಲ. 2018ರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇಲಿಗಳನ್ನು ಎರಡು ವಾರ ಒಂಟಿಯಾಗಿಟ್ಟರು. ಅವು ಹೊಸ ಇಲಿ ಬಂದರೆ ಮೈಮೇಲೆ ಬೀಳುತ್ತಿದ್ದವು. ಭಯವಾದಾಗ ತುಂಬಾ ಹೊತ್ತು ಅಲ್ಲಾಡದೆ ನಿಲ್ಲುತ್ತಿದ್ದವು. ಅವುಗಳ ಮಿದುಳಿನಲ್ಲಿ ನ್ಯೂರೋಕೈನಿನ್ ಬಿ ಅನ್ನುವ ರಾಸಾಯನಿಕ ಹೆಚ್ಚಾಗಿತ್ತು. ಅದರ ಕೆಲಸವನ್ನು ಔಷಧದಿಂದ ತಡೆದಾಗ ಈ ಲಕ್ಷಣಗಳು ಇಳಿದವು. ಇಲಿಯಿಂದ ನೇರವಾಗಿ ಮನುಷ್ಯನಿಗೆ ಹಾರಬಾರದು, ನಿಜ. ಆದರೆ ಇಲ್ಲಿ ಗಮನಿಸಬೇಕಾದದ್ದು, ಸಿಟ್ಟು ಮತ್ತು ಭಯ ಎರಡೂ ಒಟ್ಟಿಗೆ ಏರಿದವು. ಒಂಟಿ ಪ್ರಾಣಿಗೆ ಎದುರು ಬಂದವರೆಲ್ಲ ಅಪಾಯವಾಗಿ ಕಾಣುತ್ತಾರೆ. ಗೋಲ್ಡಿಂಗ್ ಅವರ ಹುಡುಗರೂ ಮೊದಲ ಸಲ ಕೊಲ್ಲುವುದು ಭಯದ ರಾತ್ರಿಯಲ್ಲೇ ಅಲ್ವಾ?

ಇನ್ನು ಗುಂಪಿಗೆ ಬರೋಣ. ನನಗೆ ತುಂಬಾ ಇಷ್ಟವಾದ ಭಾಗ ಇದು. ಯಾಕಂದರೆ ಇತಿಹಾಸವೇ ಇಲ್ಲಿ ಒಂದು ಪ್ರಯೋಗ ಮಾಡಿಟ್ಟಿದೆ. 1864ರಲ್ಲಿ ನ್ಯೂಜಿಲೆಂಡಿನ ದಕ್ಷಿಣಕ್ಕಿರುವ ಕೊರೆಯುವ ಚಳಿಯ ಆಕ್ಲೆಂಡ್ ದ್ವೀಪದಲ್ಲಿ, ಒಂದೇ ವರ್ಷ, ಎರಡು ಹಡಗು ಒಡೆದವು. ದ್ವೀಪದ ಒಂದು ತುದಿಯಲ್ಲಿದ್ದವರಿಗೆ ಇನ್ನೊಂದು ತುದಿಯಲ್ಲಿ ಜನ ಇದ್ದಾರೆ ಅನ್ನುವುದೇ ಗೊತ್ತಿರಲಿಲ್ಲ. ಗ್ರಾಫ್ಟನ್ ಹಡಗಿನ ಐವರು ಬೇರೆ ಬೇರೆ ದೇಶದವರು. ಅವರು ಗುಡಿಸಲು ಕಟ್ಟಿದರು. ಓಟು ಹಾಕಿ ಯಜಮಾನನನ್ನು ಆರಿಸಿದರು, ಬೇಡವಾದರೆ ಇಳಿಸಬಹುದು ಅನ್ನುವ ನಿಯಮವನ್ನೂ ಮಾಡಿಕೊಂಡರು. ಸಂಜೆಗೆ ಶಾಲೆ ನಡೆಸಿ ಒಬ್ಬರಿಗೊಬ್ಬರು ಪಾಠ ಹೇಳಿದರು. ಫ್ರಾನ್ಸಿನ ರೇನಾಲ್ ಕೈಯಲ್ಲೇ ಇಸ್ಪೀಟು ಮಾಡಿದ್ದ. ಆಟ ಜಗಳಕ್ಕೆ ತಿರುಗಿದಾಗ ಆ ಎಲೆಗಳನ್ನು ತಾನೇ ಬೆಂಕಿಗೆ ಹಾಕಿದ. ಸುಮಾರು ಇಪ್ಪತ್ತು ತಿಂಗಳ ನಂತರ ಐವರೂ ಬದುಕಿ ಬಂದರು.

ಎರಡನೆಯದಾದ ಇನ್ವರ್‌ಕಾಲ್ಡ್ ಹಡಗಿನಿಂದ ದಡ ಸೇರಿದವರು 19 ಜನ. ಒಂದು ವರ್ಷದ ನಂತರ ಉಳಿದವರು ಮೂವರು. ಅವರ ಹಡಗು ಬೇಗನೆ ಪುಡಿಯಾಗಿತ್ತು, ಕೈಗೆ ಹೆಚ್ಚೇನೂ ಸಿಗಲಿಲ್ಲ. ಗ್ರಾಫ್ಟನ್‌ನವರಿಗೆ ಒಡೆದ ಹಡಗಿನ ಹಲಗೆ, ಬಂದೂಕು ಸಿಕ್ಕಿದ್ದವು. ಇದನ್ನು ಮರೆಯಬಾರದು. ಆದರೆ ಇನ್ವರ್‌ಕಾಲ್ಡ್‌ನವರು ಗುಂಪಾಗಿ ಉಳಿಯಲೂ ಇಲ್ಲ. ಅಧಿಕಾರಿಗಳಿಗೆ ತಮ್ಮ ದರ್ಜೆ ಬಿಡಲಾಗಲಿಲ್ಲ, ನಡೆಯಲಾಗದವರನ್ನು ಹಿಂದೆ ಬಿಟ್ಟು ಹೋದರು.

ಗೋಲ್ಡಿಂಗ್ ಕಥೆಗೆ ತೀರಾ ಹತ್ತಿರದ ನಿಜ ಘಟನೆ ಟೋಂಗಾ ದೇಶದ್ದು. 1965ರಲ್ಲಿ ಹಾಸ್ಟೆಲ್ ಶಾಲೆಯ ಆರು ಹುಡುಗರು ದೋಣಿ ಕದ್ದು ಹೊರಟು, ಬಿರುಗಾಳಿಗೆ ಸಿಕ್ಕಿ, ಅಟಾ ಎಂಬ ದ್ವೀಪ ಸೇರಿದರು. ಹದಿನೈದು ತಿಂಗಳು ಅಲ್ಲೇ ಇದ್ದರು. ಬೆಂಕಿ ಆರದಂತೆ ಪಾಳಿ ಹಾಕಿಕೊಂಡರು. ಜಗಳವಾದರೆ ಇಬ್ಬರೂ ದೂರ ಹೋಗಿ, ಸಿಟ್ಟು ಇಳಿದ ಮೇಲೆ ಬಂದು ಕ್ಷಮೆ ಕೇಳಬೇಕು. ಒಬ್ಬನ ಕಾಲು ಮುರಿದಾಗ ಉಳಿದವರು ಕಟ್ಟಿಗೆ ಕಟ್ಟಿ ಕೂಡಿಸಿದರು, ಅವನ ಕೆಲಸವನ್ನೂ ತಾವೇ ಮಾಡಿದರು. ಅವರ ಹೊಟ್ಟೆ ತುಂಬಿಸಿದ ಬಾಳೆ, ಕೋಳಿಗಳು ಹಿಂದೆ ಅಲ್ಲಿದ್ದ ಊರಿನವು. ಆ ಊರಿನ ಜನರನ್ನು 1863ರಲ್ಲಿ ಗುಲಾಮರ ವ್ಯಾಪಾರಿಗಳು ಹಡಗಿಗೆ ತುಂಬಿಕೊಂಡು ಹೋಗಿದ್ದರು. ದ್ವೀಪಕ್ಕೆ ಕ್ರೌರ್ಯ ಬಂದದ್ದು ಹೊರಗಿನ ಸಮಾಜದಿಂದ, ಲಾಭದ ಲೆಕ್ಕ ಹಾಕಿಕೊಂಡು.

ಹಾಗಂತ ಎಲ್ಲಾ ದ್ವೀಪಗಳ ಕಥೆಯೂ ಇಷ್ಟು ಚಂದ ಇಲ್ಲ. 1629ರಲ್ಲಿ ಬಟಾವಿಯಾ ಎಂಬ ಡಚ್ ಹಡಗು ಆಸ್ಟ್ರೇಲಿಯಾದ ಪಶ್ಚಿಮ ಕಡಲಿನಲ್ಲಿ ಒಡೆಯಿತು. ಕಮಾಂಡರ್ ನೆರವು ತರಲು ಹೋದ. ಇತ್ತ ಯೆರೋನಿಮಸ್ ಕಾರ್ನೆಲಿಸ್ ಎಂಬ ಅಧಿಕಾರಿಯ ಗುಂಪು ನೂರಕ್ಕೂ ಹೆಚ್ಚು ಜನರನ್ನು ಕೊಂದಿತು, ಮಕ್ಕಳನ್ನೂ ಬಿಡಲಿಲ್ಲ. ಆದರೆ ಅವನು ಮೊದಲು ಮಾಡಿದ ಕೆಲಸಗಳನ್ನು ನೋಡಿ. ಆಯುಧ, ದೋಣಿ ಎಲ್ಲಾ ತನ್ನ ಕೈಗೆ ತಗೊಂಡ. ಎದುರು ನಿಲ್ಲಬಲ್ಲ ಸೈನಿಕರನ್ನು ಬಾಯಾರಿ ಸಾಯಲಿ ಅಂತ ಬೇರೆ ದ್ವೀಪಕ್ಕೆ ಕಳಿಸಿದ. ಇದು ತಾನಾಗಿ ಎದ್ದ ಮೃಗವಲ್ಲ, ಕೂತು ಹಾಕಿದ ಯೋಜನೆ. ಆ ಸೈನಿಕರಿಗೆ ಅಲ್ಲಿ ನೀರು ಸಿಕ್ಕಿತು. ವೀಬೆ ಹೇಯ್ಸ್ ಎಂಬ ಸಾಮಾನ್ಯ ಸೈನಿಕನ ಹಿಂದೆ ಒಂದಾಗಿ ನಿಂತು, ಕೊಲೆಗಡುಕರನ್ನು ತಡೆದು, ಕಾರ್ನೆಲಿಸನನ್ನೇ ಹಿಡಿದರು. ಅದೇ ಹಡಗು, ಅದೇ ಬಾಯಾರಿಕೆ, ಅದೇ ದಿನಗಳು.

ನಮ್ಮ ಯಾದಗಿರಿ ಜಿಲ್ಲೆಯಲ್ಲೇ ನೀಲಕಂಠರಾಯನ ಗಡ್ಡಿ ಇದೆ. ಗಡ್ಡಿ ಅಂದರೆ ನಡುಗಡ್ಡೆ, ಕೃಷ್ಣಾ ನದಿ ನಡುವಿನ ಊರು. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಜಾಸ್ತಿ ನೀರು ಬಿಟ್ಟಾಗ ಹೊರಗಿನ ಸಂಪರ್ಕ ಕಡಿದುಹೋಗಿ ಕಷ್ಟಪಟ್ಟ ಊರು. 2014ರ ಪ್ರವಾಹದಲ್ಲಿ ಒಬ್ಬ ತುಂಬು ಗರ್ಭಿಣಿ, ಆಸ್ಪತ್ರೆಯಲ್ಲೇ ಹೆರಿಗೆಯಾಗಲಿ ಅಂತ, ಒಣಗಿದ ಸೋರೆಬುರುಡೆ ಕಟ್ಟಿಕೊಂಡು ನದಿ ಈಜಿ ದಾಟಿದರು. ಪತ್ರಿಕೆಗಳು ಅವರ ಧೈರ್ಯವನ್ನು ದೊಡ್ಡದಾಗಿ ಬರೆದವು. ಬರೆಯಲೇಬೇಕಿತ್ತು. ನನ್ನ ಮನಸ್ಸು ಮಾತ್ರ ಅವರ ಅಕ್ಕಪಕ್ಕ ಈಜಿದವರ ಮೇಲೆ ನಿಂತಿತು. ಅಪ್ಪ, ಅಣ್ಣ, ಬಳಗದವರು ಅದೇ ಸೆಳವಿನಲ್ಲಿ ಅವರ ಸುತ್ತ ಕಾವಲಾಗಿ ಬಂದಿದ್ದರು.

ಇಂಥ ಗಡ್ಡಿಯ ಮೇಲೆ ಒಂದು ಕನ್ನಡ ಕಾದಂಬರಿ ಓದಬೇಕು ಅನ್ನುವುದು ನನ್ನ ಆಸೆ. ಅದರಲ್ಲಿ ಎಲ್ಲರೂ ಒಳ್ಳೆಯವರೇ ಆಗಿರಬೇಕಿಲ್ಲ. ಜೋಳ ಮುಗಿಯಲಿ, ಹೊಲದ ಬದುವಿನ ಹಳೇ ಜಗಳ ಎದ್ದು ಬರಲಿ, ಜಾತಿಯ ಗೋಡೆ ನೀರಿನ ನಡುವೆಯೂ ನಿಂತಿರಲಿ. ನದಿ ಏರಿದ ಐದನೇ ದಿನ, ಮಾತು ಬಿಟ್ಟ ಎರಡು ಮನೆಯವರು ಒಂದೇ ಒಲೆಯ ಮುಂದೆ ಕೂತು ಏನು ಮಾತಾಡುತ್ತಾರೆ ಅನ್ನುವುದನ್ನು ಸುರಪುರ ಸೀಮೆಯ ಮಾತಿನಲ್ಲೇ ಯಾರಾದರೂ ಬರೆಯಲಿ.